ಕತ್ತರಿ ಹಾಕುವ ಮುಂಚೆ: ಬಟ್ಟೆ ಗುರುತಿಸಿ, ಅಳೆದು, ನೆನೆಸುವ ಸಮಗ್ರ ಮಾರ್ಗದರ್ಶಿ

ಹೊಲಿಸಿದ ಬ್ಲೌಸು ಎರಡನೇ ಒಗೆತಕ್ಕೆ ಕಂಕುಳಲ್ಲಿ ಹಿಡಿಯಿತು, ಕಾಟನ್ ಅಂತ ತಂದ ಚೂಡಿದಾರ ಬಿಸಿಲಿಗೆ ಮೈಗೆ ಅಂಟಿತು, ಕೆಂಪು ಲೈನಿಂಗಿನ ಬಣ್ಣ ಬಿಳಿ ಸೀರೆಗೆ ಇಳಿಯಿತು. ದಾವಣಗೆರೆಯ ನನ್ನ ಹೊಲಿಗೆ ಮೇಜಿನ ಮುಂದೆ ಈ ಮೂರು ದೂರುಗಳು ವರ್ಷವೆಲ್ಲ ಬರುತ್ತವೆ. ಶಾಲೆ ಶುರುವಾಗುವ ಜೂನ್ ತಿಂಗಳಲ್ಲಿ ಮತ್ತು ದುಗ್ಗಮ್ಮನ ಜಾತ್ರೆಯ ವರ್ಷದಲ್ಲಂತೂ ಇನ್ನೂ ಜಾಸ್ತಿ. ದೂರು ಹೊತ್ತು ಬಂದವರೆಲ್ಲ ಹೊಲಿಗೆಯನ್ನೇ ತಿರುಗಿಸಿ ನೋಡುತ್ತಾರೆ. ತಪ್ಪು ಹೊಲಿಗೆಯಲ್ಲಿ ಇರುವುದು ಕಡಿಮೆ. ಅಂಗಡಿಯಿಂದ ತಂದ ಬಟ್ಟೆಯನ್ನು ಏನು ಎತ್ತ ನೋಡದೆ, ನೀರು ತೋರಿಸದೆ, ನೇರವಾಗಿ ಕತ್ತರಿಗೆ ಕೊಟ್ಟದ್ದೇ ತಪ್ಪು.

ಕೆಳಗಿನ ಹಂತಗಳು ಅನುಕ್ರಮದಲ್ಲೇ ನಡೆಯಬೇಕು. ನೆನೆಸಿದ ಮೇಲೆ ಬಣ್ಣ ಪರೀಕ್ಷೆ ಮಾಡಿದರೆ ಉಪಯೋಗವಿಲ್ಲ. ಅಳತೆ ಲೆಕ್ಕ ಹಾಕದೆ ಕೊಂಡು ಆಮೇಲೆ ನೆನೆಸಿದರೆ ತೋಳಿಗೆ ಬಟ್ಟೆ ಸಾಲುವುದಿಲ್ಲ.

ಮೊದಲು ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದದ್ದು

ಗುಂಡುಪಿನ್ನು, ಹುಬ್ಬು ಕೀಳುವ ಚಿಮುಟ, ಸ್ಟೀಲ್ ತಟ್ಟೆ, ಒಂದು ಲೋಟ ನೀರು, ಬೆಂಕಿಪೊಟ್ಟಣ. ಇಷ್ಟು ಬಟ್ಟೆ ಗುರುತಿಸಲು. ಅಳೆಯಲು ಇಂಚು ಮತ್ತು ಸೆಂಟಿಮೀಟರ್ ಎರಡೂ ಇರುವ ಟೇಪು. ಟೇಪು ಹಳೆಯದಾದರೆ ಒಮ್ಮೆ ಸ್ಟೀಲ್ ಸ್ಕೇಲಿನ ಪಕ್ಕ ಇಟ್ಟು ನೋಡಿ. ಬಟ್ಟೆಯ ಟೇಪು ಜಗ್ಗಿ ಜಗ್ಗಿ ಅರ್ಧ ಇಂಚು ಉದ್ದವಾಗಿರುವುದನ್ನು ಕಂಡಿದ್ದೇನೆ. ಗಂಜಿ ಕಂಡುಹಿಡಿಯಲು ಗಾಯಕ್ಕೆ ಹಚ್ಚುವ ಅಯೋಡಿನ್ ದ್ರಾವಣದ ಒಂದು ಹನಿ, ಬಣ್ಣ ನೋಡಲು ಹಳೆಯ ಬಿಳಿ ಪಂಚೆಯ ತುಂಡು, ನೆನೆಸಲು ಅಗಲ ಬಾಯಿಯ ಪ್ಲಾಸ್ಟಿಕ್ ಟಬ್ಬು. ತುಕ್ಕು ಹಿಡಿದ ಕಬ್ಬಿಣದ ಬಕೆಟ್ಟು ಬೇಡ, ಅದರ ಕಲೆ ಹೋಗುವುದಿಲ್ಲ.

ಹಂತ 1: ಕೆಲಸ ಯಾವುದು ಅಂತ ಮೊದಲು ತೀರ್ಮಾನಿಸಿ

ಅಂಗಡಿಗೆ ಹೋಗಿ ಬಣ್ಣ ನೋಡಿ ಮನಸೋತು, ಆಮೇಲೆ "ಇದರಲ್ಲಿ ಏನು ಹೊಲಿಸಬಹುದು" ಅಂತ ಕೇಳುವವರು ಬಹಳ. ಅದನ್ನು ತಿರುಗಿಸಿ. ಈ ಬಟ್ಟೆ ಬೆವರು ಹೀರಬೇಕೋ, ನೀರು ಒರೆಸಬೇಕೋ, ಬೆಚ್ಚಗಿಡಬೇಕೋ, ದಿನಾ ಒಗೆತ ತಾಳಬೇಕೋ, ಒಲೆಯ ಮುಂದೆ ಇರಬೇಕೋ? ಉತ್ತರ ಸಿಕ್ಕರೆ ನೂಲು ತಾನಾಗಿ ತೀರ್ಮಾನವಾಗುತ್ತದೆ.

ಪ್ರತಿ ನೂಲೂ ಗಾಳಿಯಲ್ಲಿರುವ ತೇವವನ್ನು ಬೇರೆ ಬೇರೆ ಪ್ರಮಾಣದಲ್ಲಿ ಹಿಡಿಯುತ್ತದೆ. ಸಾಮಾನ್ಯ ಹವೆಯಲ್ಲಿ ಹತ್ತಿ ತನ್ನ ತೂಕದ ಸುಮಾರು 8.5% ತೇವ ಹಿಡಿಯುತ್ತದೆ, ರೇಷ್ಮೆ ಸುಮಾರು 11%, ಉಣ್ಣೆ ಸುಮಾರು 16%. ಪಾಲಿಯೆಸ್ಟರ್ 0.4% ಮಾತ್ರ. ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಪಾಲಿಯೆಸ್ಟರ್ ಬ್ಲೌಸು ಬೆನ್ನಿಗೆ ಅಂಟುವುದು ಇದಕ್ಕೇ. ಬೆವರಿಗೆ ಹೋಗಲು ಜಾಗವಿಲ್ಲ.

ಹಾಗಂತ ಪಾಲಿಯೆಸ್ಟರ್ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಶಾಲೆಯ ಸಮವಸ್ತ್ರಕ್ಕೆ ಟೆರಿಕಾಟ್, ಅಂದರೆ ಪಾಲಿಯೆಸ್ಟರ್ ಮತ್ತು ಹತ್ತಿಯ ಮಿಶ್ರ ಬಟ್ಟೆ, ಬಂದದ್ದು ಸುಮ್ಮನೆ ಅಲ್ಲ. ಬೇಗ ಒಣಗುತ್ತದೆ, ಇಸ್ತ್ರಿ ಬೇಡುವುದಿಲ್ಲ, ಮಂಡಿ ಬೇಗ ಸವೆಯುವುದಿಲ್ಲ. ಕಿಟಕಿ ಪರದೆಗೆ, ಚೀಲಕ್ಕೆ, ಸ್ಕೂಟರ್ ಹೊದಿಕೆಗೆ ಅದೇ ಸರಿ. ಒಳ ಉಡುಪು, ಮಗುವಿನ ಬಟ್ಟೆ, ದಿಂಬಿನ ಗವಸು, ಬ್ಲೌಸಿನ ಲೈನಿಂಗು, ಟವಲ್ಲು, ಮಸಿಬಟ್ಟೆ ಇವು ಮಾತ್ರ ಹತ್ತಿಯವೇ ಇರಲಿ. ಅದರಲ್ಲೂ ಮಸಿಬಟ್ಟೆ. ಬಿಸಿ ಪಾತ್ರೆ ಹಿಡಿಯಲು ಪಾಲಿಯೆಸ್ಟರ್ ತುಂಡು ಬಳಸಬೇಡಿ. ಅದು ಕರಗಿ ಬೆರಳಿಗೆ ಅಂಟಿಕೊಳ್ಳುತ್ತದೆ, ಕಿತ್ತರೆ ಚರ್ಮವೂ ಬರುತ್ತದೆ.

ಎಳೆಗೂಸಿಗೆ ಹೊಸ ಬಟ್ಟೆಗಿಂತ ಅಜ್ಜಿಯ ಹತ್ತಿ ಸೀರೆ ಎಷ್ಟೋ ಮೇಲು. ನೂರು ಒಗೆತ ಕಂಡ ಬಟ್ಟೆಯಲ್ಲಿ ಗಂಜಿ, ಬಣ್ಣ, ರಾಸಾಯನಿಕದ ಲೇಪ ಎಲ್ಲ ಬಿಟ್ಟುಹೋಗಿ ಬರೀ ನೂಲು ಉಳಿದಿರುತ್ತದೆ.

ಹಂತ 2: ಅಂಗಡಿಯಲ್ಲಿ ನಿಂತೇ ಮಾಡುವ ನೋಟ

ನಮ್ಮೂರ ಚೌಕಿಪೇಟೆಯಲ್ಲಾಗಲಿ ಚಿತ್ರದುರ್ಗದ ಲಕ್ಷ್ಮೀ ಬಜಾರಿನಲ್ಲಾಗಲಿ ಅಂಗಡಿಯ ದೀಪದ ಕೆಳಗೆ ಬಣ್ಣ ತೀರ್ಮಾನಿಸಬೇಡಿ. ಥಾನಿನ ತುದಿ ಹಿಡಿದು ಬಾಗಿಲ ಬೆಳಕಿಗೆ ಬನ್ನಿ. ಅಲ್ಲಿ ನಾಲ್ಕು ಕೆಲಸ.

ಮೊದಲನೆಯದು, ಮುಷ್ಟಿಯಲ್ಲಿ ಹತ್ತು ಎಣಿಸುವಷ್ಟು ಹೊತ್ತು ಹಿಚುಕಿ ಬಿಡಿ. ಹತ್ತಿ ಮತ್ತು ರೇಯಾನ್ (ಮರದ ತಿರುಳಿನಿಂದ ತಯಾರಿಸಿದ ನೂಲು) ಸುಕ್ಕು ಹಿಡಿದುಕೊಂಡೇ ಇರುತ್ತವೆ, ಪಾಲಿಯೆಸ್ಟರ್ ತಿರುಗಿ ನೆಟ್ಟಗಾಗುತ್ತದೆ. ಅರೆಬರೆ ಸುಕ್ಕಾದರೆ ಮಿಶ್ರ ನೂಲು.

ಎರಡನೆಯದು, ಬಟ್ಟೆಯನ್ನು ಬೆಳಕಿಗೆ ಎತ್ತಿ ಹಿಡಿಯಿರಿ. ಎಳೆಗಳ ನಡುವೆ ಸಂದು ಎದ್ದು ಕಂಡರೆ ನೇಯ್ಗೆ ಸಡಿಲ. ಅಂಥದ್ದು ಹೊಲಿಗೆಯ ಹತ್ತಿರ ಪಿಸಿಯುತ್ತದೆ, ಬಿಗಿ ಬ್ಲೌಸಿಗೆ ಆಗುವುದಿಲ್ಲ.

ಮೂರನೆಯದು, ಒಂದು ಮೂಲೆಯನ್ನು ಎರಡೂ ಕೈಯಲ್ಲಿ ಹಿಡಿದು ಬಲವಾಗಿ ಉಜ್ಜಿ. ಬಿಳಿ ಪುಡಿ ಉದುರಿ ಬಟ್ಟೆ ತೆಳ್ಳಗಾದಂತೆ ಕಂಡರೆ ಅದು ಗಂಜಿಯ ಮೈ, ನೂಲಿನದ್ದಲ್ಲ. ತೂಕ ನೋಡಿ ಮೋಸ ಹೋಗುವುದು ಇಲ್ಲೇ. ಮನೆಯಲ್ಲಿ ಖಚಿತ ಮಾಡಿಕೊಳ್ಳಬೇಕೆಂದರೆ ಬಿಳಿ ಬಟ್ಟೆಯ ಮೂಲೆಗೆ ಅಯೋಡಿನ್ ಹನಿ ಹಾಕಿ. ಗಂಜಿ ಇದ್ದರೆ ಕಡುನೀಲಿಗೆ ತಿರುಗುತ್ತದೆ.

ನಾಲ್ಕನೆಯದು ಅಂಚು ಓದುವುದು. ಥಾನಿನ ಅಂಚಿನಲ್ಲಿ ಅಚ್ಚಾಗಿರುವ ಅಕ್ಷರಗಳನ್ನು ಓದಿ. ಪಾಲಿಯೆಸ್ಟರ್ 67, ಕಾಟನ್ 33 ಎಂಬಂಥ ಅಂಕಿ ಇದ್ದರೆ ವಾದವೇ ಮುಗಿಯಿತು. ಸ್ಯಾನ್‌ಫರೈಸ್ಡ್ ಎಂದಿದ್ದರೆ ಬಟ್ಟೆಯನ್ನು ಕಾರ್ಖಾನೆಯಲ್ಲೇ ಕುಗ್ಗಿಸಿ ಕಳಿಸಿದ್ದಾರೆ ಎಂದರ್ಥ. ಅಂಥ ಬಟ್ಟೆ ಮನೆಯಲ್ಲಿ 1%ನ ಆಸುಪಾಸಿಗಿಂತ ಹೆಚ್ಚು ಕುಗ್ಗುವುದಿಲ್ಲ.

ಹೆಸರುಗಳ ಬಗ್ಗೆ ಒಂದು ಮಾತು. ಆರ್ಟ್ ಸಿಲ್ಕ್ ಅಂದರೆ ಕೃತಕ ರೇಷ್ಮೆ, ಕಲೆಗೂ ಅದಕ್ಕೂ ಸಂಬಂಧವಿಲ್ಲ. ಅದು ರೇಯಾನೋ ಪಾಲಿಯೆಸ್ಟರೋ ಆಗಿರುತ್ತದೆ. ಸ್ಯಾಟಿನ್ ಎಂಬುದು ನೂಲಿನ ಹೆಸರಲ್ಲ, ನೇಯ್ಗೆಯ ಹೆಸರು. ರೇಷ್ಮೆಯಲ್ಲೂ ಸ್ಯಾಟಿನ್ ಉಂಟು, ಪಾಲಿಯೆಸ್ಟರಿನಲ್ಲೂ ಉಂಟು. ಕ್ರೇಪ್, ಜಾರ್ಜೆಟ್, ಶಿಫಾನ್ ಹೀಗೇ. ಹೆಸರು ಕೇಳಿ ನೂಲು ತಿಳಿಯಿತು ಅಂದುಕೊಳ್ಳಬೇಡಿ.

ಹಂತ 3: ಎಷ್ಟು ಕೊಳ್ಳಬೇಕು

ಮೊದಲು ಪನ್ನಾ ಅಳೆಯಿರಿ. 36 ಇಂಚು, 44 ಇಂಚು, 58 ಇಂಚು ಇವು ಸಾಮಾನ್ಯವಾಗಿ ಸಿಗುವ ಅಗಲಗಳು. ಬಾಯಲ್ಲಿ 44 ಅಂದದ್ದು ಟೇಪಿಗೆ 42 ಬರುವುದುಂಟು, ಅಂಚಿನ ಗಟ್ಟಿ ಭಾಗ ಬಿಟ್ಟರೆ ಇನ್ನೂ ಕಡಿಮೆ. ದರ ಮೀಟರಿಗೋ ಗಜಕ್ಕೋ ಅಂತಲೂ ಕೇಳಿಬಿಡಿ. ಗಜ 36 ಇಂಚು, ಮೀಟರ್ 39 ಇಂಚಿಗಿಂತ ತುಸು ಜಾಸ್ತಿ. ಐದು ಗಜಕ್ಕೂ ಐದು ಮೀಟರಿಗೂ 43 ಸೆಂಟಿಮೀಟರ್ ವ್ಯತ್ಯಾಸ ಬೀಳುತ್ತದೆ, ಒಂದು ಜೊತೆ ತೋಳಿನಷ್ಟು.

ಆಮೇಲೆ ಕುಗ್ಗುವ ಲೆಕ್ಕ. ಕಾರ್ಖಾನೆಯಲ್ಲಿ ಕುಗ್ಗಿಸದ ಹತ್ತಿ, ಖಾದಿ, ಕೈಮಗ್ಗದ ಬಟ್ಟೆ, ಮಾಂಜರಪಾಟ (ಬಿಳುಪು ಮಾಡದ ಒರಟು ಹತ್ತಿ ಬಟ್ಟೆ) ಇವು ಮೊದಲ ಒಗೆತದಲ್ಲಿ ಉದ್ದಕ್ಕೆ 5ರಿಂದ 10% ಕುಗ್ಗಬಹುದು. ಅಗಲಕ್ಕೆ ಸಾಮಾನ್ಯವಾಗಿ ಅದಕ್ಕಿಂತ ಕಡಿಮೆ. ಮಗ್ಗದಲ್ಲಿ ಹಾಸಿನ, ಅಂದರೆ ಉದ್ದದ, ಎಳೆಗಳನ್ನು ಬಿಗಿದು ಕಟ್ಟಿರುತ್ತಾರೆ. ನೀರು ತಾಗಿದ ಕೂಡಲೇ ಆ ಬಿಗಿ ಸಡಿಲವಾಗಿ ಎಳೆ ತನ್ನ ಅಳತೆಗೆ ಮರಳುತ್ತದೆ. ಹೊಕ್ಕಿನ, ಅಂದರೆ ಅಡ್ಡದ, ಎಳೆಗೆ ಅಷ್ಟು ಎಳೆತ ಇರುವುದಿಲ್ಲ.

ಅಂಕಿಯಲ್ಲಿ ನೋಡಿ. 42 ಇಂಚು ಉದ್ದದ ಕುರ್ತಾ 6% ಕುಗ್ಗಿದರೆ ಎರಡೂವರೆ ಇಂಚು ಹೋಯಿತು. 36 ಇಂಚು ಎದೆಸುತ್ತಳತೆಯ ಬ್ಲೌಸು ಅಗಲಕ್ಕೆ ಬರೀ 3% ಕುಗ್ಗಿದರೂ ಒಂದು ಇಂಚು ಹೋಯಿತು. ಕಂಕುಳಲ್ಲಿ ಹಿಡಿಯುವುದು ಆ ಒಂದು ಇಂಚೇ.

ಆದ್ದರಿಂದ ಹತ್ತಿಯಾದರೆ ಟೈಲರ್ ಹೇಳಿದ ಅಳತೆಗೆ ಹತ್ತರಲ್ಲೊಂದು ಪಾಲು ಸೇರಿಸಿ ಕೊಳ್ಳಿ. 2.5 ಮೀಟರ್ ಹೇಳಿದರೆ 2.75. ಚೌಕಳಿ ಅಥವಾ ದೊಡ್ಡ ಹೂವಿನ ಅಚ್ಚು ಇದ್ದರೆ ಮಾದರಿ ಹೊಂದಿಸಲು ಇನ್ನೂ ಕಾಲು ಮೀಟರ್ ಬೇಕು. ಉಳಿದ ಚೂರನ್ನು ಎಸೆಯಬೇಡಿ, ಕೊನೆಯಲ್ಲಿ ಅದಕ್ಕೆ ಕೆಲಸವಿದೆ.

ಹಂತ 4: ಮನೆಯಲ್ಲಿ ನೂಲು ಗುರುತಿಸುವುದು

ಇಡೀ ಮಾರ್ಗದರ್ಶಿಯಲ್ಲಿ ಜನ ಹೆಚ್ಚು ಎಡವುವ ಹಂತ ಇದು. ಬಟ್ಟೆಯ ತುಂಡನ್ನೇ ಬೆಂಕಿಗೆ ಹಿಡಿಯುತ್ತಾರೆ. ಹಾಗೆ ಮಾಡಬೇಡಿ, ಅಪಾಯ. ಗೊತ್ತಾಗುವುದೂ ಇಲ್ಲ.

ಕತ್ತರಿಸಿದ ತುದಿಯಿಂದ ಗುಂಡುಪಿನ್ನಿನಲ್ಲಿ ಎಳೆ ಬಿಡಿಸಿ. ಉದ್ದದ ಎಳೆ ಐದಾರು, ಅಡ್ಡದ ಎಳೆ ಐದಾರು, ಬೇರೆ ಬೇರೆ ಇಡಿ. ಅಂಚಿನಿಂದ ಎಳೆ ತೆಗೆಯಬೇಡಿ, ಅಲ್ಲಿ ಗಟ್ಟಿತನಕ್ಕೆ ಬೇರೆ ನೂಲು ಹಾಕಿರಬಹುದು. ಹಾಸು ಹತ್ತಿ, ಹೊಕ್ಕು ಪಾಲಿಯೆಸ್ಟರ್ ಇರುವ ಬಟ್ಟೆ ಎಷ್ಟೋ ಇದೆ. ಒಂದೇ ಕಡೆಯ ಎಳೆ ಸುಟ್ಟು "ಕಾಟನ್ನೇ" ಅಂದವರು ಹಾಗೇ ಮೋಸ ಹೋಗಿದ್ದಾರೆ.

ಎಳೆಗಳನ್ನು ಸೇರಿಸಿ ಹೊಸೆದು ಚಿಮುಟದಲ್ಲಿ ಹಿಡಿಯಿರಿ. ಕೆಳಗೆ ಸ್ಟೀಲ್ ತಟ್ಟೆ, ಪಕ್ಕದಲ್ಲಿ ನೀರು, ಫ್ಯಾನ್ ಬಂದ್, ಸೆರಗು ಸೊಂಟಕ್ಕೆ, ಮಕ್ಕಳು ದೂರ. ಗ್ಯಾಸ್ ಒಲೆಯ ಮೇಲೆ ಬೇಡ, ಕಡ್ಡಿ ಗೀರಿ ಸಾಕು. ಮೂರು ಸಲ ಗಮನಿಸಿ: ಬೆಂಕಿ ಹತ್ತಿರ ಬರುವಾಗ, ಉರಿಯುವಾಗ, ಆರಿದ ಮೇಲೆ.

ಹತ್ತಿ ಥಟ್ಟನೆ ಹೊತ್ತಿಕೊಳ್ಳುತ್ತದೆ. ಕಾಗದ ಸುಟ್ಟ ವಾಸನೆ. ಜ್ವಾಲೆ ಆರಿದ ಮೇಲೂ ತುದಿಯಲ್ಲಿ ಕೆಂಡ ಹರಿಯುತ್ತದೆ. ಉಳಿಯುವುದು ಮುಟ್ಟಿದರೆ ಹಾರುವ ಬೂದು ಬಣ್ಣದ ಬೂದಿ.

ಪಾಲಿಯೆಸ್ಟರ್ ಬೆಂಕಿ ಕಂಡ ಕೂಡಲೇ ಹಿಂದೆ ಸರಿದು ಮುದುಡುತ್ತದೆ, ಕರಗುತ್ತದೆ, ಕಪ್ಪು ಹೊಗೆ ಬಿಡುತ್ತದೆ. ತಣ್ಣಗಾದ ಮೇಲೆ ಕಲ್ಲಿನಂಥ ಗಟ್ಟಿ ಮಣಿ ಉಳಿಯುತ್ತದೆ, ಉಗುರಿಗೆ ಪುಡಿಯಾಗುವುದಿಲ್ಲ. ಕರಗಿದ ಹನಿ ಚರ್ಮಕ್ಕೆ ತಾಗದಂತೆ ಜೋಪಾನ.

ರೇಷ್ಮೆ ಮತ್ತು ಉಣ್ಣೆ ಕೂದಲು ಸುಟ್ಟ ವಾಸನೆ ಕೊಡುತ್ತವೆ. ಸುರುಳಿಯಾಗಿ ನಿಧಾನಕ್ಕೆ ಉರಿದು, ಕಡ್ಡಿ ತೆಗೆದರೆ ಬಹುತೇಕ ತಾವೇ ಆರುತ್ತವೆ. ಕಪ್ಪು ಮಣಿ ಉಳಿದರೂ ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತದೆ.

ಮಿಶ್ರ ನೂಲಿನಲ್ಲಿ ಕಾಗದದ ವಾಸನೆಯೂ ಬರುತ್ತದೆ, ಗಟ್ಟಿ ಗಂಟೂ ಉಳಿಯುತ್ತದೆ. ಆಗ ಅದು ಟೆರಿಕಾಟ್ ಜಾತಿ ಅಂತ ಬರೆದಿಟ್ಟುಕೊಳ್ಳಿ.

ಇನ್ನು ರೇಯಾನ್. ಇದು ಹತ್ತಿಯಂತೆಯೇ ಉರಿಯುತ್ತದೆ, ಬೆಂಕಿಯಿಂದ ಬೇರ್ಪಡಿಸಲು ಆಗುವುದಿಲ್ಲ, ಕಾಟನ್ ಎಂಬ ಹೆಸರಿನಲ್ಲಿ ಮಾರಾಟವಾಗುವುದೂ ಇದೇ. ಇದಕ್ಕೆ ನೀರಿನ ಪರೀಕ್ಷೆ ಇದೆ, ನನಗೆ ಬಹಳ ಪ್ರಿಯವಾದದ್ದು. ಗೇಣುದ್ದದ ಎಳೆಯ ನಡುಭಾಗವನ್ನು ನಾಲಿಗೆಗೆ ತಾಗಿಸಿ ಒದ್ದೆ ಮಾಡಿ, ಎರಡೂ ತುದಿ ಹಿಡಿದು ಎಳೆಯಿರಿ. ಒದ್ದೆಯಾದಲ್ಲೇ ಪಟ್ಟನೆ ಕಿತ್ತರೆ ರೇಯಾನ್. ಒಣ ಭಾಗದಲ್ಲಿ ಕಿತ್ತರೆ ಹತ್ತಿ. ಒದ್ದೆಯಾದಾಗ ಹತ್ತಿಯ ಬಲ ಹೆಚ್ಚುತ್ತದೆ, ರೇಯಾನಿನ ಬಲ ಹೆಚ್ಚು ಕಡಿಮೆ ಅರ್ಧಕ್ಕೆ ಇಳಿಯುತ್ತದೆ. ರೇಯಾನ್ ಕುರ್ತಾವನ್ನು ಒಗೆಯುವ ಕಲ್ಲಿಗೆ ಬಡಿದು ಹಿಂಡಿದರೆ ಹೊಲಿಗೆಯ ಪಕ್ಕ ಹರಿಯುವುದೂ ಇದೇ ಕಾರಣಕ್ಕೆ. ಎರಡು ಮೂರು ಎಳೆಯಲ್ಲಿ ಮಾಡಿ ನೋಡಿ, ಒಂದೇ ಎಳೆ ನಂಬಬೇಡಿ. ಬಣ್ಣ ಬಿಡುವ ಎಳೆಯಾದರೆ ನಾಲಿಗೆಯ ಬದಲು ನೀರಿನ ಹನಿ ಸಾಕು.

ಹಂತ 5: ಬಣ್ಣ ನಿಲ್ಲುತ್ತದೆಯೇ

ಬಿಳಿ ಪಂಚೆಯ ತುಂಡನ್ನು ಒಣಗಿದ್ದಂತೆಯೇ ಬಟ್ಟೆಯ ಮೂಲೆಯ ಮೇಲೆ ಇಪ್ಪತ್ತು ಸಲ ಉಜ್ಜಿ. ನಂತರ ಒದ್ದೆ ಮಾಡಿ ಇನ್ನೊಂದು ಮೂಲೆಯಲ್ಲಿ ಉಜ್ಜಿ. ಒಣ ಉಜ್ಜಿಗೇ ಬಣ್ಣ ಬಂದರೆ ಆ ಬಟ್ಟೆ ಬೆವರಿಗೆ ಖಂಡಿತ ಬಿಡುತ್ತದೆ. ಒದ್ದೆಗೆ ಮಾತ್ರ ತುಸು ಬಂದರೆ ಮುಂದಿನ ಪರೀಕ್ಷೆಗೆ ಹೋಗಿ. ಬಟ್ಟೆಯ ಮೂಲೆಗೆ ಬಿಳಿ ತುಂಡನ್ನು ಕೈಹೊಲಿಗೆ ಹಾಕಿ, ಸೋಪಿನ ಪುಡಿ ಕದಡಿದ ಉಗುರು ಬೆಚ್ಚಗಿನ ನೀರಿನಲ್ಲಿ ಅರ್ಧ ಗಂಟೆ ಇಡಿ. ನೀರು ಬಣ್ಣಕ್ಕೆ ತಿರುಗಿ ಬಿಳಿ ತುಂಡು ಬಿಳಿಯಾಗೇ ಉಳಿದರೆ ಅದು ಮೇಲೆ ಕೂತ ಹೆಚ್ಚುವರಿ ಬಣ್ಣ, ಎರಡು ಒಗೆತಕ್ಕೆ ಬಿಡುವುದು ನಿಲ್ಲುತ್ತದೆ. ತುಂಡೇ ಬಣ್ಣಕ್ಕೆ ತಿರುಗಿದರೆ ಆ ಬಟ್ಟೆಗೆ ಬಿಳಿಯ ಜೊತೆ ಸಂಬಂಧ ಬೆಳೆಸಬೇಡಿ, ಬಿಳಿ ಪೈಪಿಂಗೂ ಬೇಡ.

ಇಲ್ಲಿ ಎಲ್ಲರೂ ಉಪ್ಪಿನ ಮಾತು ಎತ್ತುತ್ತಾರೆ. ಒಂದು ಹಿಡಿ ಉಪ್ಪು ಹಾಕಿ ನೆನೆಸಿದರೆ ಬಣ್ಣ ಗಟ್ಟಿಯಾಗುತ್ತದೆ ಎಂಬುದು ನಮ್ಮ ಮನೆಗಳಲ್ಲಿ ತಲೆಮಾರಿನಿಂದ ಬಂದ ನಂಬಿಕೆ. ನಾನೂ ವರ್ಷಗಟ್ಟಲೆ ಮಾಡಿದ್ದೇನೆ. ಉಪ್ಪಿಗೆ ಕೆಲಸವಿರುವುದು ಬಣ್ಣ ಹಾಕುವ ತೊಟ್ಟಿಯಲ್ಲಿ, ಬಣ್ಣವನ್ನು ನೀರಿನಿಂದ ನೂಲಿನ ಕಡೆಗೆ ತಳ್ಳಲು. ಬಣ್ಣ ಹಾಕಿ ಒಣಗಿ ಅಂಗಡಿಗೆ ಬಂದ ಬಟ್ಟೆಗೆ ಉಪ್ಪುನೀರು ಅಂಥ ಉಪಕಾರ ಮಾಡುವುದಿಲ್ಲ. ಪಟಿಕವೂ ಅಷ್ಟೇ. ಗಿಡಮೂಲಿಕೆಯ ಬಣ್ಣ ಹಾಕುವಾಗ ಅದು ಬೇಕು, ಆಮೇಲೆ ಅಲ್ಲ. ಬಣ್ಣ ಬಿಡುವ ಬಟ್ಟೆಗೆ ಇರುವ ಮದ್ದು ನೀರು ತಿಳಿಯಾಗುವ ತನಕ ಬೇರೆಯಾಗಿ ಜಾಲಾಡುವುದು, ನೆರಳಲ್ಲಿ ಒಣಗಿಸುವುದು, ಒದ್ದೆ ಮುದ್ದೆಯಾಗಿ ಬಿಟ್ಟು ಹೋಗದಿರುವುದು.

ಹಂತ 6: ನೆನೆಸಿ ಕುಗ್ಗಿಸುವುದು

ಕತ್ತರಿಸಿದ ಎರಡೂ ತುದಿಗೆ ಓವರ್‌ಲಾಕ್ ಅಥವಾ ಒರಟು ಕೈಹೊಲಿಗೆ ಹಾಕಿ, ಇಲ್ಲದಿದ್ದರೆ ಎಳೆ ಬಿಚ್ಚಿ ಜಡೆಯಾಗುತ್ತದೆ. ಬಟ್ಟೆಯ ನಡುವೆ ಉದ್ದಕ್ಕೆ 50 ಸೆಂಟಿಮೀಟರ್, ಅಡ್ಡಕ್ಕೆ 50 ಸೆಂಟಿಮೀಟರ್ ಅಳೆದು ಬಣ್ಣದ ದಾರದ ಗುರುತು ಹಾಕಿ. ಪೆನ್ನಿನ ಗುರುತು ನೀರಿಗೆ ನಿಲ್ಲುವುದಿಲ್ಲ, ನಿಂತರೆ ಇನ್ನೂ ಕಷ್ಟ.

ಟಬ್ಬಿನಲ್ಲಿ ಉಗುರು ಬೆಚ್ಚಗಿನ ನೀರು ತುಂಬಿ, ಬಟ್ಟೆಯನ್ನು ನೆರಿಗೆ ಮಡಿಚಿದಂತೆ ಸಡಿಲವಾಗಿ ಇಳಿಸಿ ಪೂರ್ತಿ ಮುಳುಗಿಸಿ. ದಪ್ಪ ಹತ್ತಿಗೆ ಒಂದು ರಾತ್ರಿ, ತೆಳು ವಾಯಿಲ್, ಕೇಂಬ್ರಿಕ್‌ಗೆ ಎರಡು ಮೂರು ತಾಸು. ಬಣ್ಣ ಬಿಡುವ ಬಟ್ಟೆಯನ್ನು ಮಾತ್ರ ಇಷ್ಟು ಹೊತ್ತು ಬಿಡಬಾರದು, ಅರ್ಧ ತಾಸಿಗೆ ತೆಗೆದು ಜಾಲಾಡಿ. ನೀರು ಅಂಟಂಟಾಗಿ ಮಬ್ಬಾದರೆ ಗಂಜಿ ಬಿಟ್ಟಿದೆ, ನೀರು ಬದಲಿಸಿ ಮತ್ತೆ ಅದ್ದಿ.

ನಮ್ಮ ಕಡೆಯ ಬೋರ್ ನೀರಿನ ಗಡಸು ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಗಡಸು ನೀರಿಗೆ ಬಾರ್ ಸೋಪು ಸೇರಿದರೆ ನೊರೆ ಬರುವ ಬದಲು ಬಿಳಿ ಕಿಟ್ಟ ಕಟ್ಟುತ್ತದೆ. ಅದೇ ಕಿಟ್ಟ ಎಳೆಯ ನಡುವೆ ಕೂತು ಬಿಳಿ ಬಟ್ಟೆ ಮಾಸಲಾಗುತ್ತದೆ, ಟವಲ್ಲು ಹಪ್ಪಳವಾಗುತ್ತದೆ. ನಲ್ಲಿ ನೀರು ಬಂದ ದಿನ ಬಟ್ಟೆ ನೆನೆಸಿ. ಬೋರ್ ನೀರೇ ಗತಿಯಾದರೆ ಸೋಪಿನ ಬದಲು ಡಿಟರ್ಜೆಂಟ್ ಪುಡಿ ಹಾಕಿ, ಕೊನೆಯ ಜಾಲಾಟದ ಬಕೆಟ್ಟಿಗೆ ಎರಡು ಚಮಚ ವಿನಿಗರ್ ಸೇರಿಸಿ.

ಹಿಂಡಬೇಡಿ. ಎರಡು ಮಡಿಕೆ ಮಾಡಿ ದಪ್ಪ ಹಗ್ಗದ ಮೇಲೆ ಅಂಚಿಗೆ ಅಂಚು ಕೂಡಿಸಿ ಹರವಿ, ನೀರು ತಾನೇ ಇಳಿಯಲಿ. ತೆಳು ತಂತಿಯ ಮೇಲೆ ಹಾಕಿದರೆ ನಡುವೆ ಗೆರೆ ಬೀಳುತ್ತದೆ. ಮುಕ್ಕಾಲು ಒಣಗಿದಾಗ ತೆಗೆದು, ಉದ್ದದ ಎಳೆಯ ಗುಂಟ ಇಸ್ತ್ರಿ ಮಾಡಿ. ಓರೆಯಾಗಿ ಎಳೆದು ಇಸ್ತ್ರಿ ಹಾಕಿದರೆ ಬಟ್ಟೆ ಸೊಟ್ಟಗಾಗುತ್ತದೆ, ಹೊಲಿದ ಮೇಲೆ ಕುರ್ತಾದ ಬದಿಹೊಲಿಗೆ ಮುಂದಕ್ಕೆ ತಿರುಗಿಕೊಳ್ಳುತ್ತದೆ.

ಈಗ ದಾರದ ಗುರುತು ಅಳೆಯಿರಿ. 50 ಇದ್ದದ್ದು 47 ಆಗಿದ್ದರೆ 6% ಕುಗ್ಗಿದೆ. 2% ದಾಟಿದ ಯಾವ ಬಟ್ಟೆಯನ್ನೂ ನಾನು ಇನ್ನೊಮ್ಮೆ ನೆನೆಸುತ್ತೇನೆ. ಸಡಿಲ ನೇಯ್ಗೆಯ ಕೈಮಗ್ಗದ ಬಟ್ಟೆ ಎರಡನೇ ನೀರಿಗೂ ಸ್ವಲ್ಪ ಕುಗ್ಗುತ್ತದೆ.

ಲೈನಿಂಗು, ಫಾಲು, ಕುತ್ತಿಗೆಯ ಕ್ಯಾನ್ವಾಸು, ಪೈಪಿಂಗಿನ ಹುರಿ ಇವನ್ನೂ ನೆನೆಸಬೇಕು. ಮೇಲಿನ ಬಟ್ಟೆ ನೆನೆಸಿ ಲೈನಿಂಗು ಮರೆಯುವುದು ನಾನು ಕಾಣುವ ಅತಿ ಸಾಮಾನ್ಯ ತಪ್ಪು. ಒಗೆದ ಮೇಲೆ ಒಳಗಿನದು ಕುಗ್ಗಿ, ಮೇಲಿನದು ಗುಳ್ಳೆ ಗುಳ್ಳೆಯಾಗಿ ಉಬ್ಬುತ್ತದೆ. ಸೀರೆಯ ಫಾಲೂ ಹಾಗೇ ಕುಗ್ಗಿ ಅಂಚನ್ನು ಸುರುಳಿ ಎಳೆಯುತ್ತದೆ. ಬಿಚ್ಚಿ ಮತ್ತೆ ಹೊಲಿಯುವುದೊಂದೇ ದಾರಿ.

ನೆನೆಸಬಾರದವು ಎರಡು. ಶುದ್ಧ ಪಾಲಿಯೆಸ್ಟರಿಗೆ ಅದರ ಅಗತ್ಯವಿಲ್ಲ. ರೇಷ್ಮೆಗೆ ನೀರಿನ ಕಲೆ ಉಳಿಯುತ್ತದೆ, ಹೊಳಪು ಹೋಗುತ್ತದೆ. ಅದಕ್ಕೆ ಹತ್ತಿ ಬಟ್ಟೆ ಹಾಸಿ ಉಲ್ಟಾ ಭಾಗದಿಂದ ಹಗುರ ಉಗಿಯ ಇಸ್ತ್ರಿ ಸಾಕು. ರೇಯಾನನ್ನು ತಣ್ಣೀರಿನಲ್ಲಿ ಅರ್ಧ ತಾಸು ಅದ್ದಿ, ಎರಡೂ ಕೈಯಲ್ಲಿ ಮಗುವಿನಂತೆ ಎತ್ತಿ, ಮಂಚದ ಮೇಲೆ ಹರವಿ ಒಣಗಿಸಿ.

ಹಂತ 7: ಕತ್ತರಿ ಮತ್ತು ಸೂಜಿ

ಮೊದಲು ಒಂದು ಅಡ್ಡ ಎಳೆಯನ್ನು ಅಂಚಿನಿಂದ ಅಂಚಿಗೆ ಎಳೆದು ತೆಗೆಯಿರಿ, ಆ ಗೆರೆಯ ಮೇಲೆ ಕತ್ತರಿಸಿ. ಅಂಗಡಿಯವರು ಕಣ್ಣಂದಾಜಿನಲ್ಲಿ ಕತ್ತರಿಸಿದ ತುದಿ ನೇರ ಇರುವುದು ಅಪರೂಪ. ಮೂಲೆಗಳು ಕೂಡದಿದ್ದರೆ ಇಬ್ಬರು ಹಿಡಿದು ಗಿಡ್ಡ ಮೂಲೆಯಿಂದ ಮೂಲೆಗೆ ಓರೆಯಾಗಿ ಎಳೆದು ಸರಿಮಾಡಿ. ಸ್ವಂತ ಹೊಲಿಯುವವರು ಸೂಜಿಯ ಸಂಖ್ಯೆ ಗಮನಿಸಿ: ರೇಷ್ಮೆ, ವಾಯಿಲ್‌ಗೆ 11, ಪಾಪ್ಲಿನ್‌ಗೆ 14, ದಪ್ಪ ಪ್ಯಾಂಟು, ಪರದೆಗೆ 16. ಹೊಲಿಯುವಾಗ ಟಕ್ ಟಕ್ ಸದ್ದು ಬಂದರೆ, ಹೊಲಿಗೆಯ ಪಕ್ಕ ಎಳೆ ಜಗ್ಗಿದರೆ ಸೂಜಿ ಮೊಂಡಾಗಿದೆ, ಬದಲಿಸಿ.

ರೇಷ್ಮೆ ಮತ್ತು ಕಂಬಳಿ: ಪ್ರತ್ಯೇಕ ಜಾಗ್ರತೆ

ನಮ್ಮ ಜಿಲ್ಲೆಗಳ ಎರಡು ನೇಯ್ಗೆಗಳು ಮೇಲಿನ ಕ್ರಮಕ್ಕೆ ಹೊರತು.

ಮೊಳಕಾಲ್ಮೂರಿನ ರೇಷ್ಮೆ ಸೀರೆಗೆ ಭೌಗೋಳಿಕ ಸೂಚಕ (ಆ ಸೀಮೆಯಲ್ಲಿ ನೇಯ್ದದ್ದಕ್ಕೆ ಮಾತ್ರ ಆ ಹೆಸರು ಎಂಬ ಸರ್ಕಾರಿ ನೋಂದಣಿ) ಇದೆ, ಆದರೂ ಆ ಹೆಸರಿನಲ್ಲಿ ಬೇರೆಯದೂ ಮಾರಾಟವಾಗುತ್ತದೆ. ಸಿಲ್ಕ್ ಮಾರ್ಕ್ ಚೀಟಿ ಕೇಳಿ. ಅದು ಶುದ್ಧ ರೇಷ್ಮೆ ಎಂಬುದಕ್ಕೆ ಗುರುತು, ಎಲ್ಲಿ ನೇಯ್ದದ್ದು ಎಂಬುದಕ್ಕಲ್ಲ. ಎರಡನ್ನೂ ಬೇರೆಬೇರೆಯಾಗಿ ಕೇಳಬೇಕು. ಸೆರಗಿನ ತುದಿಯ ಕುಚ್ಚಿನಿಂದ ಹಾಸಿನ ಎಳೆ ಸಿಗುತ್ತದೆ, ಹೊಕ್ಕಿನ ಎಳೆಯನ್ನೂ ಕತ್ತರಿಸಿದ ತುದಿಯಿಂದ ಬಿಡಿಸಿ ಸುಟ್ಟು ನೋಡಿ. ಉಲ್ಟಾ ಭಾಗವನ್ನೂ ತಿರುಗಿಸಿ, ಉದ್ದುದ್ದ ತೇಲಾಡುವ ಎಳೆಗಳಿದ್ದರೆ ಉಂಗುರಕ್ಕೆ ಸಿಕ್ಕಿ ಕೀಳುತ್ತವೆ. ಬಟ್ಟೆ ಬಿಳುಪಾಗಿಸುವ ಕ್ಲೋರಿನ್ ಬ್ಲೀಚಿನ ಒಂದು ಹನಿಯೂ ರೇಷ್ಮೆಗೆ, ಉಣ್ಣೆಗೆ ತಾಗಬಾರದು, ಅದು ನೂಲನ್ನೇ ಕರಗಿಸುತ್ತದೆ. ಇಡುವಾಗ ಪ್ಲಾಸ್ಟಿಕ್ ಚೀಲದಿಂದ ತೆಗೆದು ಹಳೆಯ ಹತ್ತಿ ಬಟ್ಟೆಯಲ್ಲಿ ಸುತ್ತಿ. ಮೂರು ತಿಂಗಳಿಗೊಮ್ಮೆ ಮಡಿಕೆ ಬದಲಿಸಿ, ಇಲ್ಲದಿದ್ದರೆ ಜರಿ ಮಡಿಕೆಯ ಗೆರೆಯಲ್ಲೇ ಮುರಿಯುತ್ತದೆ.

ಚಳ್ಳಕೆರೆ ಕಡೆಯ ಕುರಿ ಉಣ್ಣೆಯ ಕಂಬಳಿ ಹೊಸದರಲ್ಲಿ ಚುಚ್ಚುತ್ತದೆ, ಗಡುಸಾಗಿರುತ್ತದೆ. ಎಳೆಗೆ ಹುಣಸೆಬೀಜದ ಅಂಬಲಿ ಹಚ್ಚಿ ನೇಯುವುದರಿಂದ ಹಾಗೆ. ಅದು ದೋಷವಲ್ಲ. ಮೆತ್ತಗಾಗಲಿ ಅಂತ ಬಿಸಿನೀರಿಗೆ ಹಾಕಿ ಉಜ್ಜಿದರೆ ಉಣ್ಣೆಯ ಎಳೆಯ ಮೇಲಿನ ಪೊರೆಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು ಕಂಬಳಿ ಕುಗ್ಗಿ ದಪ್ಪ ರಟ್ಟಾಗುತ್ತದೆ, ಮತ್ತೆ ಬಿಡಿಸಲು ಆಗುವುದಿಲ್ಲ. ಕೊಡವಿ ಬಿಸಿಲಿಗೆ ಹಾಕಿ, ಬಳಸುತ್ತ ಹೋಗಿ, ತಾನೇ ಮೃದುವಾಗುತ್ತದೆ. ಒಗೆಯಲೇಬೇಕಾದರೆ ತಣ್ಣೀರು, ಅಂಟವಾಳದ ನೊರೆ, ಒತ್ತಿ ನೀರು ತೆಗೆಯುವುದು, ಚಪ್ಪಟೆಯಾಗಿ ಒಣಗಿಸುವುದು. ಕಂಬಳಿ ಅಂತ ಕೊಂಡದ್ದು ಕೈಗೆ ಹಗುರವಾಗಿ, ಮೊದಲ ದಿನವೇ ರೇಷ್ಮೆಯಂತೆ ಜಾರಿದರೆ ಎಳೆ ಸುಟ್ಟು ನೋಡಿ. ಕರಗಿ ಗಟ್ಟಿ ಗಂಟಾದರೆ ಅದು ಅಕ್ರಿಲಿಕ್, ಅಂದರೆ ಕೃತಕ ಉಣ್ಣೆ.

ಇಲ್ಲಿ ನಿಲ್ಲಿಸಿ ಎನ್ನುವ ಸೂಚನೆಗಳು

ನೆನೆಸಿದ ಮರುದಿನ ಬಟ್ಟೆ ಬಲೆಯಂತೆ ತೆಳ್ಳಗಾದರೆ ಅದನ್ನು ಬಿಗಿ ಉಡುಪಿಗೆ ಕತ್ತರಿಸಬೇಡಿ, ಲಂಗಕ್ಕೋ ಪರದೆಗೋ ತಿರುಗಿಸಿ. ಮೂರನೇ ನೀರಿಗೂ ಬಣ್ಣ ದಟ್ಟವಾಗಿ ಬರುತ್ತಿದ್ದರೆ ಕತ್ತರಿಸುವ ಮೊದಲೇ ಅಂಗಡಿಗೆ ಒಯ್ಯಿರಿ. ಕತ್ತರಿ ತಾಗಿದ ಬಟ್ಟೆಯನ್ನು ಯಾರೂ ವಾಪಸು ಪಡೆಯುವುದಿಲ್ಲ, ಬಿಲ್ಲು ಮತ್ತು ಪರೀಕ್ಷೆಯ ಬಿಳಿ ತುಂಡು ಎರಡನ್ನೂ ಜೊತೆಗೆ ಹಿಡಿಯಿರಿ. ಹೊಸ ಟವಲ್ಲು ನೀರು ಹೀರದೆ ಜಾರಿಸಿದರೆ ಗಾಬರಿ ಬೇಡ, ಅದು ಮೇಲಿನ ಲೇಪ. ಎರಡು ಮೂರು ಒಗೆತ ಕೊಡಿ, ಬಟ್ಟೆ ಮೃದುವಾಗಿಸುವ ದ್ರಾವಣ ಮಾತ್ರ ಹಾಕಬೇಡಿ, ಅದು ಹೀರುವ ಗುಣವನ್ನೇ ಮುಚ್ಚುತ್ತದೆ. ನಾಲ್ಕನೇ ಒಗೆತದ ನಂತರವೂ ಹನಿ ಮೇಲೆಯೇ ಉರುಳಿದರೆ ನೂಲಿನಲ್ಲಿ ಪಾಲಿಯೆಸ್ಟರ್ ಇರಬಹುದು.

ಉಳಿದ ಚೂರು

ಹಂತ 3ರಲ್ಲಿ ಎಸೆಯಬೇಡಿ ಅಂದ ಚೂರಿನಿಂದ ಅಂಗೈಯಗಲದ ಒಂದು ತುಂಡನ್ನು ನೋಟ್‌ಬುಕ್ಕಿಗೆ ಪಿನ್ ಮಾಡಿ. ಪಕ್ಕದಲ್ಲಿ ತಾರೀಖು, ದರ, ಸುಟ್ಟಾಗ ಕಂಡದ್ದು, ಕುಗ್ಗಿದ ಪ್ರಮಾಣ ಬರೆಯಿರಿ. ನನ್ನ ಬಳಿ ಕಲಿಯುವ ಹುಡುಗಿಯರಿಗೆ ಮೊದಲ ತಿಂಗಳು ಇದನ್ನೇ ಮಾಡಿಸುತ್ತೇನೆ. ಐವತ್ತು ತುಂಡು ಆಗುವ ಹೊತ್ತಿಗೆ ಬೆಂಕಿಕಡ್ಡಿ ಇಲ್ಲದೆ ಬೆರಳೇ ಹೇಳತೊಡಗುತ್ತದೆ. ಮಿಕ್ಕ ಚೂರುಗಳಲ್ಲಿ ಹತ್ತಿಯದನ್ನು ಮಾತ್ರ ಒಂದು ಚೀಲಕ್ಕೆ ಹಾಕಿಡಿ, ಕೌದಿಗೆ ಬೇಕಾಗುತ್ತದೆ. ಅದರೊಳಗೆ ಒಂದು ಪಾಲಿಯೆಸ್ಟರ್ ತುಂಡು ಸೇರಿದರೂ ಒಗೆದಾಗ ಹತ್ತಿ ಕುಗ್ಗಿ ಅದು ಕುಗ್ಗದೆ, ಅಲ್ಲೊಂದು ಬೊಬ್ಬೆ ಏಳುತ್ತದೆ.